ನಾಲ್ಕು ಆಟ ಇಲ್ಲದ ಕಛೇರಿ

'ನೋಡಲೇಬೇಕು ಅಂತ ಹಂಬಲಿಸಿ, ಕೊನೆಗೂ ನೋಡೋಕ್ಕಾಗದೆ ಹೋದ ಚಿತ್ರ ಯಾವುದು?' ಅಂತ ಒಬ್ಬ ಓದುಗ ಮಿತ್ರರು ಕೇಳಿದ್ದಾರೆ. ಒಳ್ಳೆ ಪ್ರಶ್ನೆ. ಆದರೆ ಉತ್ತರ ಕೇಳಿ ಅವರು ಬೇಜಾರು ಮಾಡ್ಕೋಬಾರದು. ಅಂಥ ಚಿತ್ರ ಒಂದೂ ಇಲ್ಲ!

ಸಿನಿಮಾ ಹಾಗೆಲ್ಲ ಕೈತಪ್ಪಿ ಹೋಗೋ ವಸ್ತುವೇ ಅಲ್ಲ ಸ್ವಾಮಿ. ಪೋಸ್ಟರಿನ ಮೇಲೇ ಬರೆದಿರುತ್ತೆ, 'ಪ್ರತಿದಿನ 4 ಆಟಗಳು.' ಮ್ಯಾಟಿನಿ ತಪ್ಪಿದರೆ ಫಸ್ಟ್ ಷೋ. ಫಸ್ಟ್ ಷೋ ಹೌಸ್‌ಫುಲ್ಲಾದರೆ ಸೆಕೆಂಡ್ ಷೋ. ಮೊದಲನೇ ವಾರ ಆಗದಿದ್ದರೆ ಮೂರನೇ ವಾರ. ಊರಿಗೆ ಬಂದಾಗ ತಪ್ಪಿದರೆ ಪಕ್ಕದ ಊರಿನ ಟೆಂಟಿನಲ್ಲಿ. ಈಗಂತೂ ಜೇಬಿನಲ್ಲಿರೋ ಫೋನಿನಲ್ಲೇ ಅಣ್ಣಾವ್ರು ಕತ್ತಿ ತಿರುಗಿಸ್ತಾರೆ. ನಾನು ಹಂಬಲಿಸಿ ಕಳಕೊಂಡದ್ದು ಒಂದು ಸಂಗೀತ ಕಛೇರಿ. ಅದಕ್ಕೆ ನಾಲ್ಕು ಆಟ ಇರಲಿಲ್ಲ.

'ಏನ್ ಗುರುಗಳೇ, ಸಿನಿಮಾ ಪುಟದಲ್ಲಿ ಶಾಸ್ತ್ರೀಯ ಸಂಗೀತವಾ?' ಅಂತ ಪುಟ ತಿರುಗಿಸಬೇಡಿ. ಸ್ವಲ್ಪ ಕೂತ್ಕೊಳ್ಳಿ. ಇದರಲ್ಲಿ ರಾಜಕುಮಾರ್ ಇದ್ದಾರೆ, ಅನಂತನಾಗ್ ಇದ್ದಾರೆ, ಎ.ಆರ್. ರೆಹಮಾನ್ ಕೂಡ ಇದ್ದಾರೆ.

ಬೆಂಗಳೂರಿನ ಚಾಮರಾಜಪೇಟೆ ನಿಮಗೆ ಗೊತ್ತಲ್ಲ. ಅಲ್ಲಿ ಕೋಟೆ ಹೈಸ್ಕೂಲು. ಬೇಸಿಗೆ ಬಂತು ಅಂದರೆ ಆ ಹೈಸ್ಕೂಲಿನ ಮೈದಾನದಲ್ಲಿ ದೊಡ್ಡದೊಂದು ಚಪ್ಪರ ಏಳುತ್ತೆ. ಶ್ರೀ ರಾಮಸೇವಾ ಮಂಡಲಿಯವರ ರಾಮನವಮಿ ಸಂಗೀತೋತ್ಸವ. 1939ರಲ್ಲಿ ಎಸ್.ವಿ. ನಾರಾಯಣಸ್ವಾಮಿರಾಯರು ಶುರುಮಾಡಿದ್ದು. ಒಂದು ದಿನ, ಎರಡು ದಿನದ ಮಾತಲ್ಲ, ಸಂಜೆ ಮೇಲೆ ಸಂಜೆ ವಾರಗಟ್ಟಲೆ ನಡೆಯುತ್ತೆ. ಚೆಂಬೈ, ಎಂ.ಎಸ್. ಸುಬ್ಬುಲಕ್ಷ್ಮಿ, ಬಾಲಮುರಳಿಕೃಷ್ಣ, ನಮ್ಮ ಚಿತ್ರಗೀತೆಗಳ ಏಸುದಾಸ್... ಹೀಗೆ ಅಲ್ಲಿ ಹಾಡಿದವರ ಪಟ್ಟಿ ಬರೆಯೋಕೆ ಹೊರಟರೆ ಈ ಪುಟ ಸಾಲದು. ಬೆಂಗಳೂರಿನವರಿಗೆ ಯುಗಾದಿ, ಮಾವಿನಹಣ್ಣು, ಈ ಚಪ್ಪರ ಎಲ್ಲಾ ಒಂದೇ ಸರ್ತಿ ಬರೋ ಹಬ್ಬ.

ನಾನಿದ್ದದ್ದು ತಿಪಟೂರು ಕಡೆ. ತೆಂಗಿನಕಾಯಿ ಊರು. ಹತ್ತೊಂಬತ್ತು ಇಪ್ಪತ್ತರ ವಯಸ್ಸು, ನಮ್ಮೂರ ಟಾಕೀಸಿನಲ್ಲಿ ಆಪರೇಟರ್ ಕೈಕೆಳಗೆ ಕೆಲಸ. ರೀಲು ಸುತ್ತೋದು, ಕಾರ್ಬನ್ ಕಡ್ಡಿ ಹಾಕೋದು, ಡಬ್ಬ ಹೊತ್ತು ಬಸ್‌ಸ್ಟ್ಯಾಂಡಿಗೆ ಓಡೋದು. ನನಗೂ ಸಂಗೀತಕ್ಕೂ ಎಲ್ಲಿಂದೆಲ್ಲಿಗೆ ನಂಟು ಅಂತೀರಾ? ಎಲ್ಲಾ ಆ ಕ್ಯಾಬಿನ್ನಿನ ಕಿಂಡಿಯಿಂದಲೇ ಬಂದದ್ದು.

ಹಳೇ ಚಿತ್ರಗಳು ಬೆಳಗಿನ ಆಟಕ್ಕೆ ಬರ್ತಿದ್ದ ಕಾಲ. 'ಸಂಧ್ಯಾರಾಗ' ಬಂತು, 1966ರ ಚಿತ್ರ. ಅ.ನ.ಕೃ. ಕಾದಂಬರಿ, ತೆರೆಯ ಮೇಲೆ ರಾಜಕುಮಾರ್, ಹಾಡಿನಲ್ಲಿ ಭೀಮಸೇನ ಜೋಶಿ ಮತ್ತು ಬಾಲಮುರಳಿಕೃಷ್ಣ! ಆಮೇಲೆ 1975ರ 'ಹಂಸಗೀತೆ'. ತ.ರಾ.ಸು. ಕತೆ, ಜಿ.ವಿ. ಅಯ್ಯರ್ ನಿರ್ದೇಶನ, ಅನಂತನಾಗ್ ಪಾತ್ರ. ಆ ಚಿತ್ರಕ್ಕೆ ಹಾಡಿದ್ದಕ್ಕೆ ಬಾಲಮುರಳಿಯವರಿಗೆ ರಾಷ್ಟ್ರಪ್ರಶಸ್ತಿ ಬಂದದ್ದು ನಿಮಗೆ ಗೊತ್ತಿರಬಹುದು. ಇನ್ನು 1977ರ 'ಸನಾದಿ ಅಪ್ಪಣ್ಣ'. ತೆರೆಯ ಮೇಲೆ ಅಣ್ಣಾವ್ರು ಶಹನಾಯಿ ಹಿಡಿದು ಕೆನ್ನೆ ಉಬ್ಬಿಸಿದರೆ ಗಾಂಧಿ ಕ್ಲಾಸಿನಲ್ಲಿ ಸಿಳ್ಳೆಯೋ ಸಿಳ್ಳೆ. ಆ ಉಸಿರು ಯಾರದು? ಸಾಕ್ಷಾತ್ ಬಿಸ್ಮಿಲ್ಲಾ ಖಾನ್ ಸಾಹೇಬರದು! ಬೀಡಿ ಹೊಗೆ, ಕಡಲೇಕಾಯಿ ಸಿಪ್ಪೆಯ ಮಧ್ಯೆ ಕೂತು ನಮ್ಮೂರ ಗಾಡಿ ಹೊಡೆಯೋರೂ ಬಿಸ್ಮಿಲ್ಲಾ ಖಾನರನ್ನು ಕೇಳಿದರು. ಈ ಪುಣ್ಯ ಕಟ್ಟಿಕೊಂಡದ್ದು ಸಿನಿಮಾ. ಯಾರು ಏನೇ ಅನ್ನಲಿ, ನಾನು ಇದನ್ನು ಮರೆಯೋನಲ್ಲ.

1994ರಲ್ಲಿ ಬಾಲಚಂದರ್ ಅವರ 'ಡ್ಯುಯೆಟ್' ಬಂತು. ತಮಿಳು ಚಿತ್ರ. ಪ್ರಭು ಸ್ಯಾಕ್ಸೋಫೋನ್ ನುಡಿಸೋ ಪಾತ್ರ, ರೆಹಮಾನ್ ಸಂಗೀತ. ನಮ್ಮೂರಿಗೆ ಚಿತ್ರ ಬರೋದಕ್ಕೆ ಮೊದಲೇ ಕ್ಯಾಸೆಟ್ಟು ಬಂತು, ಅದೂ ಒಂದು ಪ್ರೈವೇಟ್ ಬಸ್ಸಿನಲ್ಲಿ. ಡಬ್ಬ ತರೋಕೆ ಹೊರಟವನು ಆ ಸ್ಯಾಕ್ಸೋಫೋನ್ ಕೇಳಿ ಇಳಿಯೋ ಸ್ಟಾಪಿನಲ್ಲಿ ಇಳಿಯೋದೇ ಬೇಡ ಅನ್ನಿಸಿ ಕೂತಿದ್ದೆ. 'ಯಾರಣ್ಣ ಇದು?' ಅಂದೆ. ಡ್ರೈವರ್ ಹೇಳಿದ: 'ನಮ್ಮೋರೇ ಕಣೋ. ಮಂಗಳೂರು ಕಡೇರು. ಕದ್ರಿ ಗೋಪಾಲನಾಥ್.'

ನಮ್ಮೋರೇ! ಆ ಒಂದು ಮಾತು ಸಾಕಾಯ್ತು ನನಗೆ. ಆಮೇಲೆ ಪೇಪರು, ರೇಡಿಯೋ ಅಂತ ಎಲ್ಲಿ ಅವರ ವಿಷಯ ಸಿಕ್ಕರೂ ಬಿಡಲಿಲ್ಲ. ತಂದೆ ತನಿಯಪ್ಪನವರು ನಾಗಸ್ವರ ವಿದ್ವಾಂಸರು. ಮಗ ಮೈಸೂರು ಅರಮನೆ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿದವರು ಅದರ ಹಿಂದೆಯೇ ಬಿದ್ದರು. ಕರ್ನಾಟಕ ಸಂಗೀತ ಅಂದರೆ ಸ್ವರವನ್ನು ಒಲೆಸಬೇಕು, ಜಾರಿಸಬೇಕು, ಗಮಕ ಬರಬೇಕು. ಬೀಗದ ಕೈಗಳಂಥ ಗುಂಡಿಗಳಿರೋ ಆ ವಿಲಾಯತಿ ವಾದ್ಯದಲ್ಲಿ ಅದು ಹೇಗೆ ಸಾಧ್ಯ? ಅವರು ವಾದ್ಯಕ್ಕೇ ಮಾರ್ಪಾಡು ಮಾಡಿಸಿ, ವರ್ಷಗಟ್ಟಲೆ ಸಾಧನೆ ಮಾಡಿ, ಅದರ ಬಾಯಲ್ಲಿ ತ್ಯಾಗರಾಜರನ್ನು ನುಡಿಸಿದರು. 'ಡ್ಯುಯೆಟ್' ಬಂದ 1994ರಲ್ಲೇ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಬಿ.ಬಿ.ಸಿ.ಯವರ ಸಂಗೀತೋತ್ಸವದಲ್ಲೂ ನುಡಿಸಿದರು.

ಲಂಡನ್ನಿಗೆ ನಾವು ಹೋಗೋ ಹಾಗಿಲ್ಲ. ಆದರೆ ಕೋಟೆ ಹೈಸ್ಕೂಲು ತಿಪಟೂರಿಂದ ಸುಮಾರು ನೂರ ನಲವತ್ತು ಕಿಲೋಮೀಟರ್ ಅಷ್ಟೇ. ಅಲ್ಲಿಗೆ ಕದ್ರಿಯವರು ಬರ್ತಾರೆ. ಇನ್ನೇನು ಬೇಕು?

ಬೇಕಾದ್ದು ಸಂಜೆ! ಮಿತ್ರರೇ, ಇಲ್ಲೇ ನೋಡಿ ಸಿಕ್ಕಿಹಾಕಿಕೊಂಡದ್ದು. ಕಛೇರಿ ಶುರುವಾಗೋದು ಸಂಜೆ ಆರೂವರೆ ಆಸುಪಾಸಿಗೆ. ನಮ್ಮ ಫಸ್ಟ್ ಷೋ ಬೆಲ್ಲು ಹೊಡೆಯೋದೂ ಅದೇ ಹೊತ್ತಿಗೆ. ಉತ್ಸವ ನಡೆಯೋದು ಬೇಸಿಗೆಯಲ್ಲಿ. ಪರೀಕ್ಷೆ ಮುಗಿದು ಹುಡುಗರು ಟಾಕೀಸಿಗೆ ನುಗ್ಗೋದೂ ಬೇಸಿಗೆಯಲ್ಲೇ. ಮದುವೆಗೆ ಬಂದ ನೆಂಟರು, ರಜಕ್ಕೆ ಬಂದ ಮೊಮ್ಮಕ್ಕಳು, ಎಲ್ಲರಿಗೂ ಸಿನಿಮಾ ಬೇಕು. ವರ್ಷದ ವ್ಯಾಪಾರವೆಲ್ಲ ಆ ಎರಡು ತಿಂಗಳಲ್ಲೇ. ರಜಾ ಕೇಳೋಕೆ ಹೋದರೆ ಸಾಹುಕಾರ್ರು ಬೈಯಲಿಲ್ಲ, ಪಾಪ. 'ಹೋಗಪ್ಪ, ಆದ್ರೆ ಬಾಗಿಲು ನೀನೇ ಹಾಕ್ಕೊಂಡು ಹೋಗು' ಅಂದರು. ಏನು ಉತ್ತರ ಕೊಡ್ತೀರಿ? ಎರಡು ಬೇಸಿಗೆ ಹಾಗೇ ಹೋಯ್ತು.

ಮೂರನೇ ವರ್ಷ ಆಪರೇಟರ್ ಅಣ್ಣನೇ ಕರೆದ. 'ಲೋ, ಒಂದಿನ ನಾನೊಬ್ನೇ ನೋಡ್ಕೋತೀನಿ. ಹೋಗ್ ಬಾ. ನಾಳೆ ಮಾರ್ನಿಂಗ್ ಷೋಗೆ ಇಲ್ಲಿರ್ಬೇಕು ಮತ್ತೆ.'

ಇಸ್ತ್ರಿ ಮಾಡಿದ ಷರಟು, ಜೇಬಿನಲ್ಲಿ ಬಸ್ ಚಾರ್ಜು, ಜತೆಗೆ ಒಂದು ಚೀಟಿ. ಚೀಟಿ ಯಾಕೆ ಗೊತ್ತೇ? ಕಛೇರಿಯಲ್ಲಿ ರಸಿಕರು ತಮಗೆ ಬೇಕಾದ ಕೃತಿಯ ಹೆಸರು ಬರೆದು ವೇದಿಕೆಗೆ ಕಳಿಸ್ತಾರೆ, ವಿದ್ವಾಂಸರು ಮನಸ್ಸು ಬಂದರೆ ನುಡಿಸ್ತಾರೆ ಅಂತ ಕೇಳಿದ್ದೆ. ನನಗೆ ರಾಗದ ಹೆಸರು ಎಲ್ಲಿ ಬರಬೇಕು? 'ಡ್ಯುಯೆಟ್ ಚಿತ್ರದಲ್ಲಿ ನುಡಿಸಿದ್ದು ಸ್ವಲ್ಪ, ದಯವಿಟ್ಟು' ಅಂತ ಬರೆದಿದ್ದೆ. ಎಂಥಾ ಭಾಗ್ಯ ನೋಡಿ! ತೆರೆಯ ಮೇಲಿನ ಅಣ್ಣಾವ್ರಿಗೆ ನಾವು ಚೀಟಿ ಕಳಿಸೋಕಾಗುತ್ತಾ, 'ಆ ಡೈಲಾಗು ಇನ್ನೊಂದ್ಸಲ' ಅಂತ?

ಮಧ್ಯಾಹ್ನದ ಬಸ್ಸು ಹಿಡಿದೆ. ಆರು ಗಂಟೆಗೆ ಮೆಜೆಸ್ಟಿಕ್ ಅನ್ನೋ ಲೆಕ್ಕ. ಗುಬ್ಬಿ ದಾಟಿದ ಮೇಲೆ ಮೋಡ ಕಪ್ಪಾಯ್ತು. ಗಾಳಿ ಅಂದರೆ ಗಾಳಿ, ಆಲಿಕಲ್ಲು, ಆಮೇಲೆ ಮಳೆ. ಮುಂದೆ ದೊಡ್ಡ ಹುಣಸೇಮರ ರಸ್ತೆಗೆ ಅಡ್ಡ ಮಲಗಿತ್ತು. ಹಿಂದೆ ಲಾರಿ, ಮುಂದೆ ಲಾರಿ. ಕಂಡಕ್ಟರು ಇಳಿದು ನೋಡಿ ಬಂದು, 'ಮಚ್ಚು ಕೊಡ್ಲಿ ಬರೋವರ್ಗೂ ಎಲ್ರೂ ನಿದ್ದೆ ಮಾಡಿ' ಅಂದ. ನಿದ್ದೆ! ಆರೂವರೆ ಆಯ್ತು, ನನಗೆ ಒಳಗೇ ಬೆಲ್ಲು ಹೊಡೀತು. ಏಳಾಯ್ತು. ಇಷ್ಟು ಹೊತ್ತಿಗೆ ವರ್ಣ ಮುಗಿದಿರುತ್ತೆ ಅಂದುಕೊಂಡೆ. ಏಳೂವರೆಗೆ ದಾರಿ ಬಿಟ್ಟರು.

ಮೆಜೆಸ್ಟಿಕ್ಕಿನಿಂದ ಮಾರ್ಕೆಟ್ಟು, ಮಾರ್ಕೆಟ್ಟಿನಿಂದ ಕೃಷ್ಣರಾಜೇಂದ್ರ ರಸ್ತೆಯಲ್ಲಿ ಓಟ. ಚಪ್ಪರದ ದೀಪ ಕಂಡಿತು. ಆಗ ಕೇಳಿಸಿತು, ಮಳೆ ಮತ್ತೆ ಬಂತೇನೋ ಅನ್ನೋ ಹಾಗೆ... ಚಪ್ಪಾಳೆ. ಒಂದೇ ಸಮನೆ, ನಿಲ್ಲದ ಚಪ್ಪಾಳೆ. ಅಷ್ಟೇ ಮಿತ್ರರೇ, ನನಗೆ ಸಿಕ್ಕಿದ್ದು ಅಷ್ಟೇ. ಗೇಟಿನ ಹತ್ತಿರ ಬರೋ ಹೊತ್ತಿಗೆ ಜನ ಹೊರಗೆ ಬರ್ತಿದ್ದರು. ಯಾರೋ ಅಜ್ಜ ತೊಡೆ ತಟ್ಟಿಕೊಳ್ಳುತ್ತಲೇ ನಡೀತಿದ್ದರು. ಹೆಂಗಸರ ಮಲ್ಲಿಗೆ ವಾಸನೆ. ರಸ್ತೆಯಲ್ಲಿ ನಿಂತು ಕೇಳಿದ ಆಟೋದವನೊಬ್ಬ ಗಾಡಿ ಸ್ಟಾರ್ಟ್ ಮಾಡೋದನ್ನೇ ಮರೆತು ಕೂತಿದ್ದ.

ಒಳಗೆ ಮೈಕಿನವನು ವೈರು ಸುತ್ತುತ್ತಿದ್ದ. ನನ್ನ ಹಾಗೇ ಕೆಲಸದವನು, ಮಾತಾಡೋಕೆ ಧೈರ್ಯ ಬಂತು.

'ಅಣ್ಣಾ, ಟೇಪ್ ಮಾಡಿದೀರಾ?'

'ಇಲ್ಲಪ್ಪ. ಎಲ್ಲಿಂದ ಬಂದೆ?'

ಹೇಳಿದೆ. ಅವನು ವೈರು ಕೆಳಗಿಟ್ಟು ನನ್ನ ಒದ್ದೆ ಷರಟು ನೋಡಿದ. 'ಟೇಪ್ ಮಾಡಿದ್ರೂ ಏನ್ ಬಂತು ತಮ್ಮಾ. ನಾನು ದಿನಾ ಇಲ್ಲೇ ಇರ್ತೀನಿ. ಅವ್ರೇ ಬರ್ಲಿ, ಅದೇ ಕೃತಿನೇ ನುಡಿಸ್ಲಿ, ಒಂದಿನದ್ ಹಾಗೆ ಇನ್ನೊಂದಿನ ಕೇಳ್ಸಿಲ್ಲ ನಂಗೆ.'

ಕ್ಯಾಬಿನ್ನಿನಲ್ಲಿ ಒಂದೇ ರೀಲನ್ನು ದಿನಕ್ಕೆ ನಾಲ್ಕು ಸಲ ಬಿಡ್ತಿದ್ದ ನನಗೆ ಆ ಮಾತು ಎದೆಗೆ ನಾಟಿತು. ನಮ್ಮಲ್ಲಿ ಮ್ಯಾಟಿನಿಗೆ ಅಳಿಸಿದ ಜಾಗದಲ್ಲೇ ಸೆಕೆಂಡ್ ಷೋಗೂ ಅಳಿಸ್ತೀವಿ. ಇಲ್ಲಿ ಹಾಗಲ್ಲ. ಆ ಸಂಜೆಯ ಉಸಿರು ಆ ಸಂಜೆಗೇ ಮುಗೀತು. ಡಬ್ಬದಲ್ಲಿ ತುಂಬಿ ಪಕ್ಕದೂರಿಗೆ ಕಳಿಸೋಕಾಗಲ್ಲ. ಕಡೇ ಬಸ್ಸು ಹಿಡಿದು ಊರು ಸೇರಿದೆ. ಮಾರ್ನಿಂಗ್ ಷೋ ಸರಿಯಾದ ಹೊತ್ತಿಗೆ ಬಿಟ್ಟೆ. ಜೇಬಿನ ಚೀಟಿ ನೆನೆದು ಅಕ್ಷರವೆಲ್ಲ ನೀಲಿಯಾಗಿ ಹರಡಿತ್ತು.

ಆಮೇಲೆ ಕದ್ರಿಯವರ ಕ್ಯಾಸೆಟ್ಟು ಕೊಂಡೆ, ಸಿ.ಡಿ. ಕೊಂಡೆ. ಚೆನ್ನಾಗಿಯೇ ಇದ್ದವು. ಆದರೆ ಸ್ಟುಡಿಯೋದಲ್ಲಿ ಮಾಡಿದ್ದರಲ್ಲಿ ಚಪ್ಪಾಳೆ ಇರೋದಿಲ್ಲ ನೋಡಿ. ಅದೊಂದನ್ನು ಮಾತ್ರ ನಾನು ನಿಜವಾಗಿ ಕೇಳಿದ್ದೆ, ಉಳಿದದ್ದೆಲ್ಲ ಕ್ಯಾಸೆಟ್ಟಿನಲ್ಲಿ. ಎರಡೂ ಒಟ್ಟಿಗೆ ಸೇರಲೇ ಇಲ್ಲ.

ಮುಂದಿನ ಬೇಸಿಗೆಗಳಲ್ಲಿ ಒಮ್ಮೆ ಅಪ್ಪನ ಕಾಯಿಲೆ, ಒಮ್ಮೆ ತಂಗಿ ಮದುವೆ, ಮತ್ತೆ ಊಟದ ದಾರಿ. ಹೊಟ್ಟೆಪಾಡಿನವರ ಬೇಸಿಗೆ ಹೇಗಿರುತ್ತೆ ಅಂತ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಇದನ್ನು ಓದ್ತಿರೋ ನಿಮಗೆ ನಾನು ಹೇಳಬೇಕೇ? 2019ರ ಅಕ್ಟೋಬರ್ 11ರಂದು ಚಹಾ ಅಂಗಡಿಯ ಟಿ.ವಿ.ಯಲ್ಲಿ ಸುದ್ದಿ ಬಂತು, ಕದ್ರಿ ಗೋಪಾಲನಾಥ್ ಇನ್ನಿಲ್ಲ. ಅರವತ್ತೊಂಬತ್ತು ವರ್ಷ. ಕೈಯಲ್ಲಿದ್ದ ಚಹಾ ಆರಿಹೋಯ್ತು. ಇನ್ನು ಆ ಚೀಟಿಗೆ ವಿಳಾಸವೇ ಇಲ್ಲ ಅನ್ನಿಸಿತು.

ಆಗ ಒಂದು ಹಟ ಹುಟ್ಟಿತು. ಬರೋ ವರ್ಷ ಯಾರೇ ನುಡಿಸಲಿ, ಯಾರೇ ಹಾಡಲಿ, ಚಪ್ಪರದಲ್ಲಿ ಕೂತೇ ಕೂರ್ತೀನಿ ಅಂತ. ಟಾಕೀಸಿನ ಕೆಲಸವೂ ಬಿಟ್ಟಿದ್ದೆ, ಸಂಜೆಗಳು ನನ್ನವೇ ಆಗಿದ್ದವು. 2020 ಬಂತು. ಮುಂದಿನದು ನಿಮಗೇ ಗೊತ್ತು. ಮಾರ್ಚ್ 14ರಿಂದ ಕರ್ನಾಟಕದ ಚಿತ್ರಮಂದಿರಗಳ ಬಾಗಿಲು ಬಂದ್. ಮಾರ್ಚ್ 25, ಯುಗಾದಿ ದಿನವೇ ದೇಶಕ್ಕೆಲ್ಲ ಲಾಕ್‌ಡೌನ್. ಏಪ್ರಿಲ್ 2ರ ರಾಮನವಮಿಗೆ ನಾಲ್ಕು ಜನ ಸೇರೋ ಹಾಗಿಲ್ಲ, ಇನ್ನು ಚಪ್ಪರವೆಲ್ಲಿ? ದೂರದರ್ಶನದಲ್ಲಿ ಹಳೇ 'ರಾಮಾಯಣ' ಮತ್ತೆ ಶುರುವಾಗಿತ್ತು, ಮನೆಮಂದಿಯೆಲ್ಲ ಅದನ್ನೇ ನೋಡಿ ಪಾನಕ ಕುಡಿದೆವು. ಆ ಬೇಸಿಗೆ ಫಸ್ಟ್ ಷೋ ಬೆಲ್ಲೂ ಇಲ್ಲ, ತಂಬೂರಿ ಶ್ರುತಿಯೂ ಇಲ್ಲ. ನನ್ನೊಬ್ಬನ ನಷ್ಟ ಅಂದುಕೊಂಡಿದ್ದು ಊರಿಗೆಲ್ಲ ಆಯ್ತು.

ರೋಗದ ಹಾವಳಿ ಇಳಿದ ಮೇಲೆ ಚಪ್ಪರ ಮತ್ತೆ ಎದ್ದಿತು. ನಾನೂ ಹೋದೆ. ಕೂತೆ, ಮಂಗಳದವರೆಗೂ ಕೇಳಿದೆ. ಅಂದು ಒಬ್ಬರ ಹಾಡುಗಾರಿಕೆ. ಕಛೇರಿ ಮಧ್ಯೆ ಸಭೆಯಿಂದ ಒಂದು ಚೀಟಿ ಹೋಯ್ತು. ವಿದ್ವಾಂಸರು ಓದಿ, ನಕ್ಕು, ಪಿಟೀಲಿನವರ ಕಿವಿಯಲ್ಲಿ ಏನೋ ಹೇಳಿ ಬೇರೊಂದು ರಾಗ ಎತ್ತಿಕೊಂಡರು. ಯಾರೋ ಬರೆದ ಒಂದು ಸಾಲಿಗೆ ಆ ಸಂಜೆಯ ದಾರಿಯೇ ಬದಲಾಯ್ತು! ಮೈಕಿನವನು ಹೇಳಿದ್ದು ಏನು ಅಂತ ಆಗ ಪೂರ್ತಿ ತಿಳೀತು. ಸಂತೋಷ ಆಯ್ತು, ಸುಳ್ಳು ಯಾಕೆ ಹೇಳಲಿ. ಆದರೆ ತಪ್ಪಿದ್ದು ತಪ್ಪಿದ್ದೇ. ಒಂದು ಕಛೇರಿ ಕೇಳಿದರೆ ಇನ್ನೊಂದರ ಲೆಕ್ಕ ಚುಕ್ತಾ ಆಗೋದಿಲ್ಲ.

ಸರಿ, ನನ್ನ ಪುರಾಣ ಆಯ್ತು. ಹೊಸ ಚಿತ್ರ ಮುಂದಿನ ವಾರವೂ ಇರುತ್ತೆ, ಅವಸರ ಬೇಡ. ನಿಮ್ಮೂರ ರಾಮಮಂದಿರದಲ್ಲೋ, ಜಾತ್ರೆಯಲ್ಲೋ ಈ ಬೇಸಿಗೆ ಯಾರಾದರೂ ನುಡಿಸೋರಿದ್ದರೆ, ಸಂಜೆ ಬಿಡುವಿದ್ದರೆ, ಹೋಗಿ ಕೂತ್ಕೊಳ್ಳಿ. ಜೇಬಿನಲ್ಲಿ ಒಂದು ಚೀಟಿ ಇರಲಿ. ರಾಗದ ಹೆಸರು ಬರದಿದ್ದರೂ ಚಿಂತೆಯಿಲ್ಲ, ಚಿತ್ರದ ಹೆಸರು ಬರೆಯಿರಿ.