ಯಾರ ಮಳೆಗಾಲ, ಯಾರ ಸೀಸನ್?

"ಮಳೆಗಾಲದಲ್ಲಿ ಯಾರಾದರೂ ಸಿಲೋನಿಗೆ ಹೋಗುತ್ತಾರೆಯೇ ಮಾರಾಯ್ರೆ?" ಕೌಂಟರಿನ ಆಚೆಯಿಂದಲೂ ಈಚೆಯಿಂದಲೂ ನಾನು ಇತ್ತೀಚೆಗೆ ಕೇಳುತ್ತಿರುವ ಪ್ರಶ್ನೆ ಇದೊಂದೇ. ಓಣಂ ರಜೆಯಲ್ಲಿ ಅಮ್ಮನನ್ನೂ ಹೆಂಡತಿ ಮಕ್ಕಳನ್ನೂ ಕರೆದುಕೊಂಡು ಶ್ರೀಲಂಕೆಗೆ ಹೊರಟಿದ್ದೇನೆ ಎಂದು ಬಾಯಿಬಿಟ್ಟದ್ದೇ ತಪ್ಪಾಯಿತು. ಮಲಯಾಳಿ ಸಹೋದ್ಯೋಗಿಗಳು ಕರ್ಕಟಕದ ಹೆಸರು ಹೇಳಿ ಹೆದರಿಸಿದರು, ನಮ್ಮವರು ಆಟಿಯ ಹೆಸರು ಹೇಳಿ ಹೆದರಿಸಿದರು. ಹೆಸರು ಎರಡು, ತಿಂಗಳು ಒಂದೇ. ಓಣಂ ಬರುವುದು ಅದು ಕಳೆದ ಮೇಲೆ ಎಂಬುದು ಇಬ್ಬರಿಗೂ ಮರೆತಿತ್ತು!

ಕತೆ ಕವಿತೆಗಳ ನಡುವೆ ಈ ಬ್ಯಾಂಕ್ ಗುಮಾಸ್ತನಿಗೇನು ಕೆಲಸ ಎಂದು ಕೇಳಬೇಡಿ. ಲೆಕ್ಕ ತಪ್ಪಿದ ಮೇಲೆ ಅದನ್ನು ತೋರಿಸಿಕೊಡುವುದೇ ನನ್ನ ಕಸುಬು, ಮತ್ತು ಈ ಲೆಕ್ಕದಲ್ಲಿ ಕಳೆದುಕೊಂಡವನು ನಾನೇ.

2023ರ ಡಿಸೆಂಬರಿನಲ್ಲಿ ಒಮ್ಮೆ ಹೋಗಿ ಬಂದಿದ್ದೇನೆ. ಮೂರು ವರ್ಷ ಆರ್.ಡಿ. ಕಟ್ಟಿದ ಹಣ. ಅಮ್ಮನಿಗೆ ತ್ರಿಕೋಣಮಲೆಯ ಕೋಣೇಶ್ವರನನ್ನು ನೋಡಬೇಕೆಂದು ಆಸೆ. ಪ್ರವಾಸದ ಏಜೆಂಟರು "ಡಿಸೆಂಬರ್ ಅಂದರೆ ಪೀಕ್ ಸೀಸನ್ ಸಾರ್, ಆಕಾಶ ಕನ್ನಡಿಯ ಹಾಗಿರುತ್ತದೆ" ಎಂದು ಹೆಚ್ಚಿನ ದರ ಹಾಕಿದರು. ಕೊಲಂಬೊದಲ್ಲಿ ಆಕಾಶ ಕನ್ನಡಿಯ ಹಾಗೆಯೇ ಇತ್ತು. ತ್ರಿಕೋಣಮಲೆಯಲ್ಲಿ ಮೂರು ದಿನ ಮಳೆ ಬಿಡಲಿಲ್ಲ. ಸಮುದ್ರದ ಮೇಲೆದ್ದ ಬಂಡೆಯ ತುದಿಯಲ್ಲಿದೆ ಆ ದೇವಸ್ಥಾನ. ಮೊಣಕಾಲು ನೋವಿನ ಅಮ್ಮ ಒದ್ದೆ ಏರು ಹತ್ತಲಾರದೆ ಅರ್ಧ ದಾರಿಯಿಂದಲೇ ಕೈಮುಗಿದರು. ರಾತ್ರಿ ಲಾಡ್ಜಿನಲ್ಲಿ ಸೀರೆ ಹಿಂಡುತ್ತ ಹೇಳಿದರು: "ಅಲ್ಲಿಯೂ ಮಳೆ, ಇಲ್ಲಿಯೂ ಮಳೆ. ಇದಕ್ಕೆ ಪಾಸ್‌ಪೋರ್ಟ್ ಯಾಕೆ ಮಗಾ?"

ಊರಿಗೆ ಬಂದು ಏಜೆಂಟರನ್ನು ಕೇಳಿದರೆ, "ಹವಾಮಾನ ನಮ್ಮ ಕೈಯಲ್ಲಿದೆಯೇ ಸಾರ್?" ಎಂದರು. ಇಲ್ಲ. ಆದರೆ ಭೂಪಟ ಕೈಯಲ್ಲಿತ್ತಲ್ಲ?

ಒಂದು ದೇಶಕ್ಕೆ ಒಂದೇ ಮಳೆಗಾಲ ಎಂದು ಹೇಳಿಕೊಟ್ಟವರು ಯಾರು? ಕಾಸರಗೋಡಿನ ನಮಗೆ ಇದನ್ನು ವಿವರಿಸಬೇಕಾಗಿ ಬಂದದ್ದೇ ನಾಚಿಕೆ. ಜುಲೈಯಲ್ಲಿ ಸುಳ್ಯದ ದಾರಿಯಾಗಿ ಮೈಸೂರಿಗೆ ಹೋಗುವ ಬಸ್ಸು ಹತ್ತಿ. ಸಂಪಾಜೆ ಘಾಟಿಯಲ್ಲಿ ಎದುರು ಬರುವ ಗಾಡಿ ಕಾಣುವುದಿಲ್ಲ. ಮಡಿಕೇರಿ ದಾಟಿ ಹುಣಸೂರಿಗೆ ಬರುವಾಗ ರಸ್ತೆಯಲ್ಲಿ ಧೂಳು. ಶ್ರೀಲಂಕೆಯ ನಡುವೆಯೂ ಅಂಥದೇ ಬೆಟ್ಟಸಾಲಿದೆ, ಪಿದುರುತಲಗಲದ ಎತ್ತರ 2,524 ಮೀಟರ್. ಮೇಯಿಂದ ಸೆಪ್ಟೆಂಬರ್ ವರೆಗೆ ನೈರುತ್ಯ ಮಾರುತ ಕೊಲಂಬೊ, ಗಾಲೆ, ರತ್ನಪುರಗಳ ಮೇಲೆ ನೀರು ಸುರಿದು ಬೆಟ್ಟ ದಾಟುವಾಗ ಬರಿಗೈ. ಆಚೆ ಬದಿಗೆ ಇಳಿಯುವುದು ಒಣಗಾಳಿ. ಅದಕ್ಕೆ ಅಲ್ಲಿಯವರು ಕಚ್ಚಾನ್ ಎನ್ನುತ್ತಾರೆ. ನಮ್ಮ ಜಿಲ್ಲೆಗೆ ವರ್ಷಕ್ಕೆ ಸುಮಾರು 3,500 ಮಿ.ಮೀ. ಮಳೆ. ತ್ರಿಕೋಣಮಲೆಗೆ ಇಡೀ ಜೂನ್ ತಿಂಗಳಲ್ಲಿ ಬೀಳುವಷ್ಟು ಇಲ್ಲಿ ಒಂದು ಹಗಲಿನಲ್ಲಿ ಬಿದ್ದುಹೋಗುತ್ತದೆ. ಅವರ ಮಳೆ ಅಕ್ಟೋಬರ್ ನಂತರದ್ದು, ಮಲಯಾಳದಲ್ಲಿ ತುಲಾವರ್ಷ ಎನ್ನುತ್ತೇವಲ್ಲ, ಅದರ ಬಳಗ.

ನಂಬಿಕೆಯಿಲ್ಲದವರು ನಾಗಪಟ್ಟಣದ ಹಡಗನ್ನು ಕೇಳಲಿ. ಕಾಂಕೇಶನ್‌ತುರೈಗೆ ಅದು 2023ರ ಅಕ್ಟೋಬರ್ 14ರಂದು ದೊಡ್ಡ ಸಮಾರಂಭದೊಂದಿಗೆ ಹೊರಟಿತು. ಒಂದು ವಾರದೊಳಗೆ ಹವಾಮಾನದ ಕಾರಣದಿಂದ ನಿಂತಿತು. ಮತ್ತೆ ಹೊರಟದ್ದು ಯಾವಾಗ? 2024ರ ಆಗಸ್ಟಿನಲ್ಲಿ, ನಾವು ಇಲ್ಲಿ ಕೊಡೆ ಹಿಡಿದಿದ್ದಾಗ.

ಆನೆಗಳಿಗೂ ಈ ಲೆಕ್ಕ ಗೊತ್ತು. ಮಹಾಸೇನ ರಾಜ ಕಟ್ಟಿಸಿದ ಮಿನ್ನೇರಿಯಾ ಕೆರೆಯ ನೀರು ಆಗಸ್ಟ್ ಸೆಪ್ಟೆಂಬರಿನಲ್ಲಿ ಇಳಿಯುತ್ತದೆ, ಅಂಚಿನಲ್ಲಿ ಎಳೆಹುಲ್ಲು ಬರುತ್ತದೆ, ನೂರಾರು ಕಾಡಾನೆಗಳು ಬಂದು ಸೇರುತ್ತವೆ. ಯಾಳ್ಪಾಣದ ನಲ್ಲೂರು ಕಂದಸ್ವಾಮಿಯ 25 ದಿನದ ಉತ್ಸವ, ಕ್ಯಾಂಡಿಯ ಪೆರಹೆರ, ಎರಡೂ ಜುಲೈ ಆಗಸ್ಟಿನಲ್ಲೇ. ಊರಿನವರು ಹಬ್ಬ ಮಾಡುವ ಕಾಲವನ್ನು ಆಫ್ ಸೀಸನ್ ಎನ್ನಲು ಏಜೆಂಟರಿಗೆ ಧೈರ್ಯ ಎಲ್ಲಿಂದ ಬಂತು? ಚಳಿ ತಾಳದೆ ಡಿಸೆಂಬರಿನಲ್ಲಿ ಬಿಸಿಲು ಹುಡುಕಿ ದಕ್ಷಿಣದ ಕಡಲತೀರಕ್ಕೆ ಬರುವ ಯುರೋಪಿನವರ ಕ್ಯಾಲೆಂಡರ್ ಅದು. ಅದನ್ನೇ ಇಡೀ ದ್ವೀಪಕ್ಕೆ ಅಂಟಿಸಿ ನಮಗೂ ಮಾರಿದರು. ಡಿಸೆಂಬರಿನಲ್ಲಿ ತ್ರಿಕೋಣಮಲೆಯನ್ನು ದುಬಾರಿಗೆ ಕೊಟ್ಟವರೇ ಜೂನಿನಲ್ಲಿ ಗಾಲೆಯನ್ನು "ಅರ್ಧ ದರ" ಎಂದು ಕಟ್ಟುತ್ತಾರೆ. ಆಗ ಅಲ್ಲಿ ಕಡಲಿಗಿಳಿಯುವಂತಿಲ್ಲ.

ಹಾಗೆಂದು ನಾನು ಮಳೆಯನ್ನು ಹಗುರವಾಗಿ ತೆಗೆದುಕೊಂಡವನಲ್ಲ. 2024ರ ಜುಲೈ 30ರ ಬೆಳಗ್ಗೆ ವಯನಾಡಿನ ಚೂರಲ್‌ಮಲೆ, ಮುಂಡಕೈಗಳ ಸುದ್ದಿ ಕೇಳಿದ ಮೇಲೆ ಯಾರಿಗೆ ಆ ಧೈರ್ಯ? ರತ್ನಪುರ, ಕಳುತರದ ಕಡೆ 2017ರ ಮೇಯಲ್ಲಿ ನೆರೆಗೂ ಭೂಕುಸಿತಕ್ಕೂ 200ಕ್ಕಿಂತ ಹೆಚ್ಚು ಜನ ಬಲಿಯಾದರು. ನನ್ನ ಯೋಜನೆಯಲ್ಲಿ ರತ್ನಪುರವಿಲ್ಲ, ಮಗಳು ಕೇಳಿದ ನುವಾರಾ ಎಲಿಯಾ ಕೂಡ ಇಲ್ಲ; ಅವಳು ಎರಡು ದಿನ ಮಾತು ಬಿಟ್ಟಳು, ಬಿಡಲಿ. ಆದರೆ ಆ ದ್ವೀಪದಲ್ಲಿ ನೂರಾರು ಜನರನ್ನು ಕೊಂದ ದಿತ್ವಾ ಚಂಡಮಾರುತ ಬಂದದ್ದು 2025ರ ನವೆಂಬರ್ ಕೊನೆಗೆ, ಏಜೆಂಟರ ಸೀಸನ್ ಬಾಗಿಲು ತೆರೆಯುವ ಹೊತ್ತಿಗೆ. ಎಚ್ಚರಿಕೆ ಬೇಕಾದದ್ದು ಊರಿನ ಬಗ್ಗೆ, ತಿಂಗಳಿನ ಬಗ್ಗೆ, ಬೆಟ್ಟದ ಬದಿಯ ಬಗ್ಗೆ. "ಮಳೆಗಾಲ" ಎಂಬ ಒಂದು ಮಾತಿನಲ್ಲಿ ಅದು ಯಾವುದೂ ಇಲ್ಲ.

ನಮ್ಮಂಥ ಸಂಬಳದವರಿಗೆ ಇರುವುದು ಓಣಂನ ಹತ್ತು ದಿನ. ಅದನ್ನೂ ಹೆದರಿಕೆಯಿಂದ ಬಿಟ್ಟರೆ ಮುಂದಿನ ವರ್ಷಕ್ಕೆ ಅಮ್ಮನ ಮೊಣಕಾಲು ಕಾಯುತ್ತದೆಯೇ? ಟಿಕೆಟ್ ಆಗಿದೆ: ಕೊಲಂಬೊದಲ್ಲಿ ಒಂದೇ ರಾತ್ರಿ, ಮರುದಿನ ನೇರ ಪೂರ್ವಕ್ಕೆ.

ಅಮ್ಮ ಈಗಾಗಲೇ ಪೆಟ್ಟಿಗೆ ಕಟ್ಟಿದ್ದಾರೆ. ಮೇಲೆಯೇ ಕೊಡೆ ಇಟ್ಟಿದ್ದಾರೆ. ಅಷ್ಟೆಲ್ಲ ವಿವರಿಸಿದ ಮೇಲೂ ಅದೇಕೆ ಎಂದು ಕೇಳಿದೆ.

"ಮನೆಯಿಂದ ಸ್ಟೇಷನ್ನಿಗೆ ಹೋಗುವುದು ಬೇಡವಾ?" ಎಂದರು.