ಬಂದರಿನಲ್ಲಿ ಬೀಡುಬಿಟ್ಟ ಪೆಟ್ಟಿಗೆಗಳು: ದಟ್ಟಣೆಯ ದಂಡ ತೆರುವವರು ಯಾರು?

ವಾಶಿ, ನೇರುಳ್, ಖಾರ್ಘರ್, ಪನವೇಲ್ ಕಡೆ ನೆಲೆಸಿದ ನಮ್ಮ ಕನ್ನಡ ಕುಟುಂಬಗಳಿಗೆ ಕಂಟೇನರ್ ಎಂಬುದು ಅಪರಿಚಿತ ವಸ್ತುವಲ್ಲ. ಉರಣ ರಸ್ತೆಯಲ್ಲಿ ಸಾಲುಗಟ್ಟಿ ನಿಂತ ಟ್ರೇಲರುಗಳ ನಡುವೆ ಸಿಲುಕಿ ಮದುವೆಯ ಮುಹೂರ್ತ ತಪ್ಪಿಸಿಕೊಂಡವರೂ ನಮ್ಮಲ್ಲಿದ್ದಾರೆ. ಆ ಸಾಲಿನ ಮೂಲ ನ್ಹಾವಾ ಶೇವಾದ ಜವಾಹರಲಾಲ್ ನೆಹರೂ ಬಂದರು. ಮುಂಬಯಿಯ ಹಳೆಯ ಬಂದರಿನ ಭಾರ ಇಳಿಸಲೆಂದು 1989ರ ಮೇ 26ರಂದು ಆರಂಭಗೊಂಡ ಇದು, 2024-25ರಲ್ಲಿ ಇಪ್ಪತ್ತು ಅಡಿಯ ಪೆಟ್ಟಿಗೆಗಳ ಲೆಕ್ಕದಲ್ಲಿ 70 ಲಕ್ಷಕ್ಕೂ ಮಿಕ್ಕಿ ಕಂಟೇನರುಗಳನ್ನು ನಿರ್ವಹಿಸಿತು. ಭಾರ ಇಳಿಸಲು ಬಂದ ಬಂದರೇ ಇಂದು ಭಾರ ಹೊತ್ತು ನಿಂತಿದೆ.

ದಟ್ಟಣೆ ಎಂದೊಡನೆ ಸ್ಥಳದ ಅಭಾವವೆಂದು ಭಾವಿಸುವುದು ವಾಡಿಕೆ. ಆದರೆ ಇದು ಸ್ಥಳಕ್ಕಿಂತ ಹೆಚ್ಚಾಗಿ ಕಾಲದ ಪ್ರಶ್ನೆ. ಉದಾಹರಣೆಗೆ, 30 ಸಾವಿರ ಪೆಟ್ಟಿಗೆ ಹಿಡಿಸುವ ಅಂಗಳವೊಂದಿದೆ ಎಂದು ಭಾವಿಸೋಣ. ಪ್ರತಿ ಪೆಟ್ಟಿಗೆ ಸರಾಸರಿ 6 ದಿನ ನಿಂತರೆ ದಿನಕ್ಕೆ 5 ಸಾವಿರ ಪೆಟ್ಟಿಗೆಗಳು ಮಾತ್ರ ಒಳಬಂದು ಹೊರಹೋಗಬಲ್ಲವು. 3 ದಿನ ನಿಂತರೆ 10 ಸಾವಿರ. ಒಂದು ಮೂಟೆ ಸಿಮೆಂಟು ಖರ್ಚಾಗದೆ ಅಂಗಳ ಇಮ್ಮಡಿಯಾಯಿತು! ಮತ್ತೊಂದು ವಿಷಯವನ್ನೂ ಬಂದರಿನವರು ಬಲ್ಲರು. ಅಂಗಳ ಪೂರ್ತಿ ತುಂಬುವವರೆಗೆ ಕೆಲಸ ಸುಗಮವಾಗಿ ಸಾಗುವುದಿಲ್ಲ. ಐದರಲ್ಲಿ ನಾಲ್ಕು ಪಾಲು ತುಂಬುತ್ತಲೇ ಅಡಿಯಲ್ಲಿರುವ ಒಂದು ಪೆಟ್ಟಿಗೆಗಾಗಿ ಮೇಲಿನ ಮೂರನ್ನು ಎತ್ತಿಡಬೇಕಾಗುತ್ತದೆ. ಕ್ರೇನು ದುಡಿಯುತ್ತಲೇ ಇರುತ್ತದೆ, ಸರಕು ಮಾತ್ರ ಹೊರಡುವುದಿಲ್ಲ.

ಸರಕಾರಗಳ ಪರಿಹಾರ ಸಾಮಾನ್ಯವಾಗಿ ಸಮುದ್ರದ ಕಡೆಯಿಂದ ಆರಂಭವಾಗುತ್ತದೆ. ನ್ಹಾವಾ ಶೇವಾದಲ್ಲಿ 1999ರಲ್ಲಿ ಮೊದಲ ಖಾಸಗಿ ಟರ್ಮಿನಲ್, 2006ರಲ್ಲಿ ಮತ್ತೊಂದು, 2018ರಲ್ಲಿ ಸಿಂಗಪುರದ ಸಂಸ್ಥೆಯದು. 2025ರ ಸೆಪ್ಟೆಂಬರಿನಲ್ಲಿ ಅದರ ಎರಡನೆಯ ಹಂತ ಉದ್ಘಾಟನೆಗೊಂಡು ಆ ಒಂದು ಟರ್ಮಿನಲ್ಲಿನ ಸಾಮರ್ಥ್ಯವೇ ವರ್ಷಕ್ಕೆ 48 ಲಕ್ಷಕ್ಕೇರಿತು. ಇವು ಬೇಕಿರಲಿಲ್ಲವೆಂದು ನಾವು ಹೇಳುವುದಿಲ್ಲ. ಆದರೆ ನೆಲದ ಕಡೆ ನೋಡಿರಿ. ಕಂಟೇನರ್ ರೈಲು ಓಡಿಸುವ ಅವಕಾಶ 2006ರವರೆಗೆ ಒಂದೇ ಸರಕಾರಿ ಸಂಸ್ಥೆಯ ಕೈಯಲ್ಲಿತ್ತು. ದಾದ್ರಿಯಿಂದ ನ್ಹಾವಾ ಶೇವಾಕ್ಕೆ 1,500 ಕಿಲೋಮೀಟರುಗಳ ಪ್ರತ್ಯೇಕ ಸರಕು ರೈಲುಮಾರ್ಗ ಹಾಕಿಕೊಂಡ ಯೋಜನೆಯಲ್ಲಿ, ಉಳಿದೆಡೆ ಗಾಡಿಗಳು ಓಡತೊಡಗಿದ ಮೇಲೂ ಬಾಕಿ ಉಳಿದದ್ದು ವೈತರಣಾದಿಂದ ಬಂದರಿನವರೆಗಿನ ತುಂಡು. ಎಲ್ಲಕ್ಕಿಂತ ಮೊದಲು ಬೇಕಾದದ್ದು ಎಲ್ಲಕ್ಕಿಂತ ಕೊನೆಗೆ!

ಚೆನ್ನೈಯ ಕಥೆ ಇನ್ನೂ ವಿಷಾದಕರ. ಬೆಂಗಳೂರಿನ ಕಾರ್ಖಾನೆಗಳ ಸರಕು ವೈಟ್‌ಫೀಲ್ಡಿನ ಒಳನಾಡು ಡಿಪೋದಿಂದ ಬಹುಕಾಲದಿಂದ ಆ ಬಂದರಿಗೇ ಹೋಗುತ್ತಿರುವುದರಿಂದ ಕರ್ನಾಟಕಕ್ಕೂ ಇದರ ಬಿಸಿ ತಟ್ಟಿದೆ. ಊರಿನ ನಡುವೆ ಸಿಕ್ಕಿಕೊಂಡ ಬಂದರಿಗೆ ಹಗಲು ರಾತ್ರಿ ಲಾರಿಗಳು ತಲುಪಲೆಂದು ಮಧುರವಾಯಲಿನಿಂದ ಬಂದರಿಗೆ ಮೇಲುರಸ್ತೆ ನಿರ್ಮಿಸಲು 2009ರ ಜನವರಿಯಲ್ಲಿ ಆಗಿನ ಪ್ರಧಾನಿ ಮನಮೋಹನ ಸಿಂಗ್ ಅಡಿಗಲ್ಲಿಟ್ಟರು. ಕೂವಂ ನದಿಯ ಹರಿವಿಗೆ ಕಂಬಗಳು ಅಡ್ಡಿಯಾಗುತ್ತವೆಂದು 2012ರಲ್ಲಿ ರಾಜ್ಯ ಸರಕಾರ ಕೆಲಸ ನಿಲ್ಲಿಸಿತು. ನದಿಯ ಚಿಂತೆ ಅಲ್ಲಗಳೆಯುವಂಥದ್ದಲ್ಲ. ಆದರೆ ಅದು ಅಡಿಗಲ್ಲಿಗೆ ಮೊದಲು ಬರಬೇಕಾದ ಚಿಂತೆ. 2022ರ ಮೇ ತಿಂಗಳಲ್ಲಿ ಪ್ರಧಾನಿ ನರೇಂದ್ರ ಮೋದಿಯವರು ಎರಡಂತಸ್ತಿನ ರಸ್ತೆಯಾಗಿ ಅದೇ ಯೋಜನೆಗೆ ಮತ್ತೆ ಅಡಿಗಲ್ಲಿಟ್ಟಾಗ, ಸುಮಾರು 1,650 ಕೋಟಿಯಷ್ಟಿದ್ದ ವೆಚ್ಚ 5,800 ಕೋಟಿ ದಾಟಿತ್ತು. ಎರಡು ಅಡಿಗಲ್ಲುಗಳ ನಡುವೆ 13 ವರ್ಷ ಲಾರಿ ಚಾಲಕರು ರಸ್ತೆಬದಿಯಲ್ಲಿ ಒಲೆ ಹೂಡಿ ಅನ್ನ ಬೇಯಿಸಿಕೊಂಡರು.

ಅಲ್ಪ ವೆಚ್ಚದ ಸುಧಾರಣೆಗಳೂ ಆಗಿವೆ. 2016-17ರಿಂದ ನ್ಹಾವಾ ಶೇವಾದಲ್ಲಿ ಆಮದು ಸರಕನ್ನು ಹೊರಗಿನ ಕಂಟೇನರ್ ನಿಲ್ದಾಣಗಳಿಗೆ ಸಾಗಿಸದೆ ಟರ್ಮಿನಲ್ಲಿನಿಂದಲೇ ಒಯ್ಯುವ ನೇರ ವಿತರಣೆಗೆ ಕಸ್ಟಮ್ಸ್ ಇಲಾಖೆ ಒತ್ತು ಕೊಟ್ಟಿತು. ಹೊರಗಿನ ನಿಲ್ದಾಣಗಳ ಮಾಲಿಕರಿಗೆ ಸಹಜವಾಗಿಯೇ ಇದು ರುಚಿಸಲಿಲ್ಲ. ಹಡಗು ಬರುವ ಮೊದಲೇ ಕಾಗದ ಸಲ್ಲಿಸಿ, ನಂಬಿಕಸ್ಥ ಪಟ್ಟಿಯಲ್ಲಿದ್ದು, ಸ್ವಂತ ಗೋದಾಮು ಹೊಂದಿದ ದೊಡ್ಡ ಆಮದುದಾರನಿಗೆ ಇದು ವರವೇ ಸರಿ. ಇತರರೊಡನೆ ಒಂದೇ ಕಂಟೇನರಿನಲ್ಲಿ ಕಾಲುಭಾಗ ಸರಕು ತರಿಸುವ ಚಿಕ್ಕ ವ್ಯಾಪಾರಿಗೆ ಹಳೆಯ ದಾರಿಯೇ ಗತಿ. 2023ರ ರಾಷ್ಟ್ರೀಯ ಅಧ್ಯಯನದಲ್ಲಿ ಕಡಲ ಬಂದರುಗಳಲ್ಲಿ ಆಮದು ಸರಕಿನ ಬಿಡುಗಡೆಗೆ ಹಿಡಿದ ಸರಾಸರಿ ಕಾಲ ಸುಮಾರು 85 ಗಂಟೆ. ಸರಕಾರ ತಾನೇ ಹಾಕಿಕೊಂಡ ಗುರಿ 48 ಗಂಟೆ.

ಈ ಅಂತರದ ಬೆಲೆಯನ್ನು ತೆರುವವರು ಯಾರು? ಉಚಿತ ದಿನಗಳು ಮುಗಿದೊಡನೆ ಬಂದರಿನ ಜಾಗಕ್ಕೆ ಡೆಮರೇಜ್, ಪೆಟ್ಟಿಗೆ ಹಿಂದಿರುಗಿಸಲು ತಡವಾದರೆ ಹಡಗು ಸಂಸ್ಥೆಗೆ ಡಿಟೆನ್ಶನ್. ಬ್ಯಾಂಕಿನ ಮೇಜಿನ ಹಿಂದೆ ಕುಳಿತ ನಮಗೆ ಮೂರನೆಯದೂ ಕಾಣುತ್ತದೆ, ಅದೇ ಸಾಲದ ಬಡ್ಡಿ. ಸಾಕಿನಾಕಾದಲ್ಲಿ ನಾಲ್ಕು ಯಂತ್ರ ಇಟ್ಟುಕೊಂಡವನ ಕಚ್ಚಾವಸ್ತು ಬಂದರಿನಲ್ಲಿ ಕುಳಿತಿರುತ್ತದೆ. ಅವನ ಖಾತೆಯಲ್ಲಿ ಬಡ್ಡಿ ಭಾನುವಾರವೂ ಏರುತ್ತದೆ. ತಡ ಮಾಡಿದವರು ಹಡಗಿನವರಾಗಲಿ, ಕ್ರೇನಿನವರಾಗಲಿ, ರಸ್ತೆಯಾಗಲಿ, ಬಿಲ್ಲು ಬರುವುದು ಅವನ ಹೆಸರಿಗೆ.

2020ರ ಮಾರ್ಚಿನ ಲಾಕ್‌ಡೌನ್ ಇದನ್ನು ಬಯಲಿಗೆಳೆಯಿತು. ಚಾಲಕರು ಊರಿಗೆ ತೆರಳಿದರು, ಪೆಟ್ಟಿಗೆಗಳು ಅಂಗಳದಲ್ಲಿ ಉಳಿದವು. ನೌಕಾ ಸಾರಿಗೆ ಮಹಾನಿರ್ದೇಶನಾಲಯವು ಮಾರ್ಚ್ 22ರಿಂದ ಏಪ್ರಿಲ್ 14ರವರೆಗೆ ಡಿಟೆನ್ಶನ್ ವಸೂಲು ಮಾಡಬಾರದೆಂದು ಹಡಗು ಸಂಸ್ಥೆಗಳಿಗೆ ಸೂಚಿಸಿತು. ಬಳಿಕ ಅವಧಿಯನ್ನೂ ವಿಸ್ತರಿಸಿತು. ಆದರೆ ಅದರ ಭಾಷೆ ಸಲಹೆಯದಾಗಿತ್ತು. ಎಲ್ಲ ಸಂಸ್ಥೆಗಳೂ ಅದನ್ನು ಒಂದೇ ರೀತಿ ಪಾಲಿಸಲಿಲ್ಲ, ವ್ಯಾಪಾರಿಗಳು ದೂರು ಹಿಡಿದು ಅಲೆದರು.

ಮರುವರ್ಷ ಅಮೆರಿಕದಲ್ಲಿ ನಡೆದದ್ದು ಹೋಲಿಕೆಗೆ ಯೋಗ್ಯ. 2021ರ ಶರತ್ಕಾಲದಲ್ಲಿ ಲಾಸ್ ಏಂಜಲಿಸ್ ಮತ್ತು ಲಾಂಗ್ ಬೀಚ್ ಬಂದರುಗಳ ಮುಂದೆ ಹಡಗುಗಳ ಸಾಲು ಬೆಳೆಯುತ್ತ ಹೋಗಿ ನೂರು ದಾಟಿತು. ಅಕ್ಟೋಬರ್ 13ರಂದು ಅಧ್ಯಕ್ಷ ಬೈಡನ್ ಬಂದರು ಹಗಲಿರುಳೂ ಕೆಲಸ ಮಾಡುವುದೆಂದು ಸಾರಿದರು. ಆದರೆ ಗೋದಾಮುಗಳೇ ತುಂಬಿ, ಲಾರಿಗಳೇ ಸಿಗದಿರುವಾಗ ನಡುರಾತ್ರಿ ಬಾಗಿಲು ತೆರೆದಿಟ್ಟರೆ ಬರುವವರು ಯಾರು? ಕೆಲಸಕ್ಕೆ ಬಂದದ್ದು ಇನ್ನೊಂದು ಉಪಾಯ. ಅದೇ ತಿಂಗಳ ಕೊನೆಯಲ್ಲಿ, ಅಂಗಳದಲ್ಲಿ ಅತಿಯಾಗಿ ತಂಗುವ ಪೆಟ್ಟಿಗೆಗೆ ಹಡಗು ಸಂಸ್ಥೆಯಿಂದ ದಿನದಿನಕ್ಕೆ ನೂರು ಡಾಲರಿನಂತೆ ಏರುವ ದಂಡ ವಸೂಲು ಮಾಡುವೆವೆಂದು ಎರಡೂ ಬಂದರುಗಳು ಘೋಷಿಸಿದವು. ಗಡುವನ್ನು ಮತ್ತೆ ಮತ್ತೆ ಮುಂದೂಡಿ, ಒಂದು ಡಾಲರನ್ನೂ ವಸೂಲು ಮಾಡದೆ 2023ರ ಜನವರಿಯಲ್ಲಿ ಅದನ್ನು ಕೈಬಿಟ್ಟವು. ಅಷ್ಟರಲ್ಲಿ ಹಳೆಯ ಪೆಟ್ಟಿಗೆಗಳು ಬಹುಪಾಲು ಕರಗಿದ್ದವು. 2022ರಲ್ಲಿ ಬೇಡಿಕೆಯೇ ಇಳಿದದ್ದೂ ಕಾರಣವೆನ್ನಿ, ಗುಡುಗು ಒಂದರಿಂದಲೇ ಮಳೆಯಾಗದು. ನಮಗೆ ಹೆಚ್ಚು ಮುಖ್ಯವೆನಿಸುವುದು 2022ರ ಜೂನಿನ ಅಲ್ಲಿನ ನೌಕಾ ಸುಧಾರಣಾ ಕಾಯಿದೆ. ವಿಧಿಸಿದ ಶುಲ್ಕ ನ್ಯಾಯವಾದದ್ದೆಂದು ರುಜುವಾತುಪಡಿಸುವ ಹೊಣೆ ಹಡಗು ಸಂಸ್ಥೆಯದು. ಬಿಲ್ಲಿನಲ್ಲಿ ನಿಗದಿತ ವಿವರ ಇಲ್ಲದಿದ್ದರೆ ವ್ಯಾಪಾರಿ ಹಣ ತೆರಬೇಕಿಲ್ಲ. ನಮ್ಮ ಚಿಕ್ಕ ಆಮದುದಾರನಿಗೂ ಬೇಕಾದದ್ದು ಇಂಥ ರಕ್ಷಣೆ, ಸಲಹೆಯ ಸುತ್ತೋಲೆಯಲ್ಲ.

ಕಾಗದದ ತಡವೂ ಸಣ್ಣದಲ್ಲ. ಕೊಲ್ಲಿಯ ಬಂದರಿನಿಂದ ಹಡಗು ಕೆಲವೇ ದಿನಗಳಲ್ಲಿ ಬಂದು ಸೇರುತ್ತದೆ; ಅದರ ಮೂಲ ಬಿಲ್ ಆಫ್ ಲೇಡಿಂಗ್ ಎರಡು ಬ್ಯಾಂಕುಗಳ ಮೇಜು ಸುತ್ತಿ ಕೊರಿಯರಿನಲ್ಲಿ ಬರುವಷ್ಟರಲ್ಲಿ ಉಚಿತ ದಿನಗಳು ಕಳೆದಿರುತ್ತವೆ. ಆಗ ಆಮದುದಾರ ಬ್ಯಾಂಕಿನಿಂದ ಶಿಪ್ಪಿಂಗ್ ಗ್ಯಾರಂಟಿ ಪಡೆದು ಸರಕು ಬಿಡಿಸಿಕೊಳ್ಳಬೇಕು, ಅದಕ್ಕೂ ಶುಲ್ಕವುಂಟು. 1856ರ ಬಿಲ್ ಆಫ್ ಲೇಡಿಂಗ್ ಕಾಯಿದೆಯನ್ನು ಸಂಸತ್ತು ಬದಲಿಸಿದ್ದು 2025ರಲ್ಲಿ! ಹಳೆಯ ತಿರುಳನ್ನೇ ಬಹುಮಟ್ಟಿಗೆ ಉಳಿಸಿಕೊಂಡ ಈ ಹೊಸ ಕಾಯಿದೆ ಕೇಂದ್ರಕ್ಕೆ ನಿರ್ದೇಶನ ನೀಡುವ ಅಧಿಕಾರ ಕೊಟ್ಟಿದೆ. ಆ ಅಧಿಕಾರವನ್ನು ವಿದ್ಯುನ್ಮಾನ ಬಿಲ್ಲಿನ ಬಳಕೆಗೆ ತಿರುಗಿಸಿದರೆ ಒಂದು ಕ್ರೇನೂ ಕೊಳ್ಳದೆ ದಿನಗಳು ಉಳಿಯುತ್ತವೆ.

ಇನ್ನು ವಾಧವಣ. ಪಾಲಘರ್ ಜಿಲ್ಲೆಯ ಈ ಹೊಸ ಬಂದರಿಗೆ 2024ರ ಜೂನಿನಲ್ಲಿ ಕೇಂದ್ರ ಸಂಪುಟ 76 ಸಾವಿರ ಕೋಟಿಗೂ ಮಿಕ್ಕಿದ ವೆಚ್ಚದಲ್ಲಿ ಒಪ್ಪಿಗೆ ನೀಡಿತು, ಆಗಸ್ಟ್ 30ರಂದು ಅಡಿಗಲ್ಲೂ ಆಯಿತು. ಉದ್ದೇಶಿತ ಸಾಮರ್ಥ್ಯ ವರ್ಷಕ್ಕೆ 2 ಕೋಟಿ 32 ಲಕ್ಷ ಪೆಟ್ಟಿಗೆಗಳು. ಬಲೆ ಬೀಸುವ ನೀರು ಕೈತಪ್ಪುವುದೆಂದು ಅಲ್ಲಿನ ಮೀನುಗಾರರು ವರ್ಷಗಳಿಂದ ವಿರೋಧಿಸುತ್ತ ಬಂದಿದ್ದಾರೆ. ಅವರ ಮಾತನ್ನು ಅಭಿವೃದ್ಧಿಯ ವಿರೋಧವೆಂದು ತಳ್ಳಿಹಾಕುವುದು ಸರಿಯಲ್ಲ. ಇಷ್ಟು ದೊಡ್ಡ ಬೆಲೆ ತೆತ್ತು ಕಟ್ಟುವ ಧಕ್ಕೆಗಳ ಹಿಂದೆ ಮತ್ತೆ ಉರಣ ರಸ್ತೆಯಂಥದೇ ಸಾಲು ಬೆಳೆದರೆ ಅವರಿಗೆ ಹೇಳಲು ಸರಕಾರದ ಬಳಿ ಉತ್ತರವಿರುವುದಿಲ್ಲ. ಸಂಪುಟದ ಒಪ್ಪಿಗೆಯಲ್ಲಿ ಹೆದ್ದಾರಿ ಮತ್ತು ಸರಕು ರೈಲುಮಾರ್ಗಕ್ಕೆ ಜೋಡಣೆಯೂ ಸೇರಿದೆ. ಮೊದಲ ಹಡಗು ಬರುವ ಮುನ್ನ ಆ ರಸ್ತೆ, ಆ ಹಳಿ ಸಿದ್ಧವಾಗುವುದೇ ಎಂಬುದನ್ನು ನಾವು ಗಮನಿಸುತ್ತಿರುತ್ತೇವೆ.