ಬೀದಿನಾಯಿ ಚರ್ಚೆಯಲ್ಲಿ ಮರೆತ ಮಾತು: ಆಶ್ರಯಧಾಮದಲ್ಲೇ ಅಗ್ಗದ ಶಸ್ತ್ರಚಿಕಿತ್ಸೆ

ಬೆಂಗಳೂರು: ಪ್ರಾಣಿಗಳ ಆಶ್ರಯಧಾಮ ನಡೆಸುವವರಿಗೆಲ್ಲ ಪರಿಚಿತವಾದ ದೃಶ್ಯವೊಂದಿದೆ. ಬೆಳಿಗ್ಗೆ ಗೇಟು ತೆರೆಯುವ ಹೊತ್ತಿಗೆ ಹೊರಗೆ ರಟ್ಟಿನ ಪೆಟ್ಟಿಗೆಯೊಂದು ಬಿದ್ದಿರುತ್ತದೆ. ಒಳಗೆ ಇನ್ನೂ ಸರಿಯಾಗಿ ಕಣ್ಣು ಬಿಡದ ನಾಲ್ಕಾರು ಮರಿಗಳು. ಅವುಗಳಲ್ಲಿ ಹೆಣ್ಣೇ ಹೆಚ್ಚು. ಗಂಡು ಮರಿಯನ್ನು ಸಾಕಲು ಯಾರಾದರೂ ಮುಂದೆ ಬರುತ್ತಾರೆ, ಹೆಣ್ಣು ಮರಿ ಯಾರಿಗೂ ಬೇಡ. ಇವೆಲ್ಲವೂ ಬೀದಿನಾಯಿಯ ಸಂತಾನವೆಂದು ಭಾವಿಸಬೇಕಿಲ್ಲ. ಯಾರದೋ ಅಂಗಳದಲ್ಲಿ ಉಳಿದ ಅನ್ನ ತಿಂದು ರಾತ್ರಿಯಿಡೀ ಕಾವಲು ಕಾಯುವ ನಾಯಿಯ ಮರಿಗಳೂ ಇವುಗಳಲ್ಲಿರುತ್ತವೆ.

ದೇಶದ ಬೀದಿನಾಯಿ ಚರ್ಚೆ 2025ರಲ್ಲಿ ಸುಪ್ರೀಂ ಕೋರ್ಟ್ ಮೆಟ್ಟಿಲೇರಿದಾಗ ಈ ನಾಯಿಗಳ ಮಾತು ಬಂದದ್ದು ಕಡಿಮೆ. ದೆಹಲಿ ಮತ್ತು ಸುತ್ತಲಿನ ಪ್ರದೇಶದ ಬೀದಿನಾಯಿಗಳನ್ನೆಲ್ಲ ಹಿಡಿದು ಆಶ್ರಯಧಾಮಕ್ಕೆ ಸೇರಿಸಬೇಕೆಂದು ಆಗಸ್ಟ್ 11ರಂದು ಆದೇಶ ಹೊರಬಿತ್ತು. ಆಗಸ್ಟ್ 22ರಂದು ತ್ರಿಸದಸ್ಯ ಪೀಠ ಅದನ್ನು ಮಾರ್ಪಡಿಸಿತು. ಶಸ್ತ್ರಚಿಕಿತ್ಸೆ, ಲಸಿಕೆಯ ಬಳಿಕ ನಾಯಿಗಳನ್ನು ಹಿಡಿದ ಜಾಗಕ್ಕೇ ಬಿಡಬೇಕು, ರೇಬಿಸ್ ತಗುಲಿದ ಮತ್ತು ಆಕ್ರಮಣಕಾರಿ ನಾಯಿಗಳನ್ನು ಮಾತ್ರ ಬಿಡಕೂಡದು ಎಂದಿತು. ನವೆಂಬರ್ 7ರ ಆದೇಶದಲ್ಲಿ ಶಾಲೆ, ಆಸ್ಪತ್ರೆ, ಕ್ರೀಡಾಂಗಣ, ಬಸ್ ಮತ್ತು ರೈಲು ನಿಲ್ದಾಣಗಳಿಂದ ನಾಯಿಗಳನ್ನು ತೆರವುಗೊಳಿಸಲು ಸೂಚಿಸಿತು. ಅವುಗಳನ್ನು ಅದೇ ಆವರಣಕ್ಕೆ ಮರಳಿ ಬಿಡುವಂತಿಲ್ಲ. ಮೂರೂ ಆದೇಶಗಳ ಭಾರ ಕೊನೆಗೆ ಬೀಳುವುದು ಆಶ್ರಯಧಾಮಗಳ ಮೇಲೆ.

ಕೊಲ್ಲುವ ದಾರಿಯನ್ನು ಬೆಂಗಳೂರು ನೋಡಿದೆ. 2007ರಲ್ಲಿ ಇಬ್ಬರು ಮಕ್ಕಳು ನಾಯಿಗಳ ದಾಳಿಗೆ ಬಲಿಯಾದ ಬಳಿಕ ನಗರದಲ್ಲಿ ನಾಯಿಗಳ ಸಾಮೂಹಿಕ ಹತ್ಯೆಯೇ ನಡೆಯಿತು. ನಾಯಿಗಳು ಮಾತ್ರ ಮುಗಿಯಲಿಲ್ಲ. ಅದಕ್ಕೆ ಪ್ರತಿಯಾಗಿ ಬಿಬಿಎಂಪಿಯ 2023ರ ಸಮೀಕ್ಷೆಯನ್ನು ನೋಡಬಹುದು. 2019ರಲ್ಲಿ ಸುಮಾರು 3.10 ಲಕ್ಷವಿದ್ದ ಬೀದಿನಾಯಿಗಳ ಸಂಖ್ಯೆ 2.79 ಲಕ್ಷಕ್ಕೆ ಇಳಿದಿತ್ತು. ಶಸ್ತ್ರಚಿಕಿತ್ಸೆಗೆ ಒಳಗಾದ ನಾಯಿಗಳ ಪ್ರಮಾಣ ಶೇ 51ರಿಂದ ಸುಮಾರು ಶೇ 72ಕ್ಕೆ ಏರಿತ್ತು. ಜೈಪುರದ ಅನುಭವವೂ ಇದನ್ನೇ ಹೇಳುತ್ತದೆ. ಅಲ್ಲಿ ಸ್ವಯಂಸೇವಾ ಸಂಸ್ಥೆಯೊಂದು 1994ರಿಂದ 2002ರವರೆಗೆ ಸುಮಾರು 25 ಸಾವಿರ ನಾಯಿಗಳನ್ನು ಹಿಡಿದು, ಹೆಣ್ಣು ನಾಯಿಗಳಲ್ಲಿ ಶೇ 65ರಷ್ಟಕ್ಕೆ ಶಸ್ತ್ರಚಿಕಿತ್ಸೆ ಮಾಡಿದಾಗ, ಅವುಗಳ ಸಂಖ್ಯೆ ಶೇ 28ರಷ್ಟು ಕುಸಿಯಿತು. ಆ ಪ್ರದೇಶದಲ್ಲಿ ಮನುಷ್ಯರಿಗೆ ರೇಬಿಸ್ ತಗುಲುವುದೂ ನಿಂತಿತು.

ಹಾಗಾದರೆ ಕೊರತೆ ಎಲ್ಲಿದೆ? ಉತ್ತರ ನಿಯಮದಲ್ಲೇ ಇದೆ. ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳು, 2001ರಲ್ಲಿಯೂ, ಅವುಗಳ ಬದಲಿಗೆ 2023ರಲ್ಲಿ ಬಂದ ಹೊಸ ನಿಯಮಗಳಲ್ಲಿಯೂ ನಾಯಿಗಳನ್ನು ಎರಡು ಬಗೆಯಾಗಿ ವಿಂಗಡಿಸಲಾಗಿದೆ. ಬೀದಿನಾಯಿಯ ಹೊಣೆ ಸ್ಥಳೀಯ ಸಂಸ್ಥೆಯದು. ಸಾಕುನಾಯಿಯ ಲಸಿಕೆ, ಸಂತಾನ ನಿಯಂತ್ರಣದ ಹೊಣೆ ಮಾಲೀಕನದು. ಕಾಗದದ ಮೇಲೆ ಇದು ಸರಿಯೇ. ಆದರೆ ಗಾರೆ ಕೆಲಸಕ್ಕೆ ಹೋಗುವ ದಂಪತಿಯ ಗುಡಿಸಲ ಮುಂದೆ ಮಲಗುವ ನಾಯಿ ಯಾವ ವಿಂಗಡಣೆಗೆ ಸೇರಬೇಕು? ಕೊರಳಿಗೆ ಹಗ್ಗವಿದ್ದರೆ ಪಾಲಿಕೆಯ ವಾಹನ ಅದನ್ನು ಮುಟ್ಟುವುದಿಲ್ಲ. ಖಾಸಗಿ ಚಿಕಿತ್ಸಾಲಯದಲ್ಲಿ ಹೆಣ್ಣು ನಾಯಿಯ ಶಸ್ತ್ರಚಿಕಿತ್ಸೆಗೆ ತಗಲುವ ವೆಚ್ಚ ಆ ಮನೆಯ ಹಲವು ದಿನಗಳ ಕೂಲಿ. ನಾಯಿಯ ಗರ್ಭಾವಧಿ ಸುಮಾರು 63 ದಿನ. ವರ್ಷಕ್ಕೆ ಒಂದೋ ಎರಡೋ ಬಾರಿ ಬೆದೆಗೆ ಬರುವ ಆ ನಾಯಿ ಮರಿ ಹಾಕುತ್ತಲೇ ಇರುತ್ತದೆ, ರಟ್ಟಿನ ಪೆಟ್ಟಿಗೆ ಬರುತ್ತಲೇ ಇರುತ್ತದೆ.

ಆಶ್ರಯಧಾಮದಲ್ಲೇ ಅಗ್ಗದ ದರದ ಚಿಕಿತ್ಸಾಲಯ ಬೇಕೆನ್ನುವ ವಾದಕ್ಕೆ ಬಲ ಬರುವುದು ಇಲ್ಲಿ. ಅಲ್ಲಿ ಗೂಡುಗಳಿವೆ, ನಾಯಿ ಹಿಡಿದು ಅಭ್ಯಾಸವಿರುವ ಸಿಬ್ಬಂದಿ ಇದ್ದಾರೆ. ಕೊಳ್ಳಬೇಕಾದದ್ದು ಶಸ್ತ್ರಚಿಕಿತ್ಸೆಯ ಮೇಜು, ಉಪಕರಣ ಶುದ್ಧಿಯ ಯಂತ್ರ, ಅರಿವಳಿಕೆ ಔಷಧ, ಹೊಲಿಗೆ ದಾರ. ಒಂದೇ ದಿನ ಹಲವು ಶಸ್ತ್ರಚಿಕಿತ್ಸೆ ನಡೆದರೆ ತಲಾ ವೆಚ್ಚ ತಾನಾಗಿ ಇಳಿಯುತ್ತದೆ. ಆದರೆ ಇದು ಆತುರದ ಕೆಲಸವಲ್ಲ. ಗಂಡು ನಾಯಿಯದು ಸಣ್ಣ ಶಸ್ತ್ರಕ್ರಿಯೆ; ಹೆಣ್ಣು ನಾಯಿಯ ಹೊಟ್ಟೆ ಕೊಯ್ದು ಅಂಡಾಶಯ, ಗರ್ಭಕೋಶಗಳನ್ನು ತೆಗೆಯಬೇಕು. ರಕ್ತನಾಳದ ಗಂಟು ಸಡಿಲವಾದರೆ ನಾಯಿ ಒಳಗೊಳಗೇ ರಕ್ತಸ್ರಾವವಾಗಿ ಸಾಯಬಹುದು. ಒಂದು ನಾಯಿ ಸತ್ತರೆ ಆ ಬೀದಿಯಿಂದ ಮತ್ತೊಂದು ನಾಯಿ ಬರುವುದಿಲ್ಲ. ಆದ್ದರಿಂದ ದರ ಅಗ್ಗವಿರಬೇಕೇ ಹೊರತು ಕೈ ಅಗ್ಗವಿರಕೂಡದು. ಹೆಬ್ಬಾಳದಂತಹ ಪಶುವೈದ್ಯ ಕಾಲೇಜುಗಳ ವಿದ್ಯಾರ್ಥಿಗಳಿಗೆ ಇಲ್ಲಿ ನುರಿತವರ ಕಣ್ಗಾವಲಿನಲ್ಲಿ ತರಬೇತಿ ದೊರೆತರೆ ಎರಡೂ ಕಡೆಗೆ ಲಾಭ.

ವಿರೋಧ ಇಲ್ಲದಿಲ್ಲ. ಅಮೆರಿಕದ ಲಾಸ್ ಏಂಜಲೀಸ್ ನಗರಾಡಳಿತ 1971ರಲ್ಲಿ ಇಂತಹ ಅಗ್ಗದ ಚಿಕಿತ್ಸಾಲಯವನ್ನು ತೆರೆದಾಗ ತಮ್ಮ ಸಂಪಾದನೆಗೆ ಕುತ್ತು ಬಂತೆಂದು ಖಾಸಗಿ ಪಶುವೈದ್ಯರು ಆಕ್ಷೇಪಿಸಿದ್ದರು. ಆ ಆತಂಕಕ್ಕೆ ಇಲ್ಲಿ ಹೆಚ್ಚು ಆಧಾರವಿಲ್ಲ. ಗುಡಿಸಲ ನಾಯಿ ಎಂದೂ ಅವರ ಗಿರಾಕಿ ಆಗಿರಲಿಲ್ಲ. ನಿಜವಾದ ಅಪಾಯ ಬೇರೆ: ಕಾರಿನಲ್ಲಿ ಜಾತಿನಾಯಿ ತರುವವರೂ ಅಗ್ಗದ ಸಾಲಿನಲ್ಲೇ ನಿಲ್ಲಬಹುದು. ಬಿಪಿಎಲ್ ಕಾರ್ಡ್ ಇದ್ದವರಿಗೆ ಒಂದು ದರ, ಉಳಿದವರಿಗೆ ಪೂರ್ಣ ದರ ಎಂಬ ವ್ಯವಸ್ಥೆ ಇದಕ್ಕೆ ಸುಲಭದ ಪರಿಹಾರ. ಪೂರ್ತಿ ಉಚಿತವೆಂದರೆ ಜನ ಅನುಮಾನಿಸುವುದೂ ಉಂಟು.

ಬೆಂಗಳೂರಿನಾಚೆ ಸ್ಥಿತಿ ಇನ್ನೂ ಕಠಿಣ. 2019ರ ಜಾನುವಾರು ಗಣತಿಯಂತೆ ರಾಜ್ಯದಲ್ಲಿದ್ದ ಬೀದಿನಾಯಿಗಳು ಸುಮಾರು 11.4 ಲಕ್ಷ, ರಾಜಧಾನಿಯ ಪಾಲನ್ನು ಕಳೆದರೂ ಬಹುಪಾಲು ಉಳಿದ ಊರುಗಳದೇ. ಜಿಲ್ಲೆ, ತಾಲ್ಲೂಕು ಕೇಂದ್ರಗಳ ಪಶು ಆಸ್ಪತ್ರೆಗಳು ಮುಖ್ಯವಾಗಿ ದನ, ಎಮ್ಮೆ, ಕುರಿಗಳಿಗಾಗಿ ರೂಪುಗೊಂಡವು. ಬೀದಿನಾಯಿಗಳ ಶಸ್ತ್ರಚಿಕಿತ್ಸಾ ಯೋಜನೆಗೆ 2023ರ ನಿಯಮಗಳಂತೆ ಪ್ರಾಣಿ ಕಲ್ಯಾಣ ಮಂಡಳಿಯ ಮಾನ್ಯತೆಯೂ ಬೇಕು. ಇದರ ನಡುವೆ ನವೆಂಬರ್ ಆದೇಶದಂತೆ ಶಾಲೆ, ಆಸ್ಪತ್ರೆಗಳ ಆವರಣದಿಂದ ಹಿಡಿದ ನಾಯಿಗಳು ಬಂದು ಗೂಡು ತುಂಬಿದರೆ, ಇಕ್ಕಟ್ಟಿನಲ್ಲಿರುವ ಆಶ್ರಯಧಾಮ ಮೊದಲು ಬಿಟ್ಟುಕೊಡುವುದು ಶಸ್ತ್ರಚಿಕಿತ್ಸೆಯಾದ ನಾಯಿಗಳು ಚೇತರಿಸಿಕೊಳ್ಳಬೇಕಾದ ಕೋಣೆಯನ್ನೇ.